ಅಲ್ಪಾಕಾ ಪ್ರದರ್ಶನದಲ್ಲಿ ಒಂದು ದಿನ: ಬೆಲೆ ಪ್ರಾಣಿಗೋ, ಉಣ್ಣೆಗೋ?

ಕಳೆದ ಕೆಲವು ತಿಂಗಳಿಂದ ಊರಿನ ಹುಡುಗರು ನನಗೆ ಒಂದೇ ಥರದ ವಿಡಿಯೊ ಕಳಿಸ್ತಾ ಇದ್ದಾರೆ. ಉದ್ದ ಕತ್ತು, ಗುಂಡು ಕಣ್ಣು, ತಲೆ ಮೇಲೆ ಅರಳಿದ ಹತ್ತಿಕಾಯಿಯಂಥ ಜುಟ್ಟು ಇರುವ ಒಂದು ಪ್ರಾಣಿ. ಮೇಲೆ ದಪ್ಪ ಅಕ್ಷರದಲ್ಲಿ ‘ಒಂದು ಜೋಡಿ ಸಾಕಿ, ವರ್ಷಕ್ಕೆ ಲಕ್ಷ ಲಕ್ಷ ಎಣಿಸಿ’. ಕೆಳಗೆ ಪ್ರಶ್ನೆ: ‘ಅಕ್ಕಾ, ನೀವಿರೋ ಕಡೆ ಇದು ಇದೆಯಂತಲ್ಲ, ನಿಜಾನಾ?’

ಪ್ರಾಣಿ ನಿಜ. ಅದರ ಹೆಸರು ಅಲ್ಪಾಕಾ. ಲಕ್ಷದ ಮಾತಿಗೆ ಆಮೇಲೆ ಬರ್ತೀನಿ.

ನಾನು ಚಳ್ಳಕೆರೆ ಕಡೆಯ ಕುರಿಗಾರರ ಮನೆಯವಳು. ಮದುವೆಯಾಗಿ ಬಂದು ನೆಲೆಸಿದ್ದು ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ. ಇಲ್ಲಿಯ ಚಳಿ ಕಲಿಸಿದ ವಿದ್ಯೆ ಹೆಣಿಗೆ. ಎರಡು ಕಡ್ಡಿ, ಒಂದು ಉಂಡೆ ಉಣ್ಣೆ ಇದ್ದರೆ ಸಂಜೆ ಕಳೆಯುತ್ತೆ. ವಾರಕ್ಕೊಮ್ಮೆ ಲೈಬ್ರರಿಯಲ್ಲಿ ಕೂತು ಹೆಣೆಯುವ ನಮ್ಮ ಗುಂಪಿನ ಆರು ಜನ ಈ ಸಲ ಏಪ್ರಿಲ್‌ನಲ್ಲಿ ಹತ್ತಿರದ ಒಂದು ಅಲ್ಪಾಕಾ ಪ್ರದರ್ಶನಕ್ಕೆ ಹೋದೆವು. ಉಳಿದವರು ಬಂದದ್ದು ಉಣ್ಣೆ ಕೊಳ್ಳೋಕೆ. ನನಗೆ ಅದರ ಜೊತೆಗೆ ನಿಮ್ಮ ಪ್ರಶ್ನೆಗೂ ಉತ್ತರ ಬೇಕಿತ್ತು.

ಮೊದಲು ಪ್ರಾಣಿಯ ಪರಿಚಯ. ಅಲ್ಪಾಕಾ ಒಂಟೆಯ ಕುಲದ್ದು, ಲಾಮಾದ ಚಿಕ್ಕ ದಾಯಾದಿ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಜನ ಸುಮಾರು 6,000 ವರ್ಷದ ಹಿಂದೆ ವಿಕುನ್ಯಾ ಎಂಬ ಕಾಡುಪ್ರಾಣಿಯನ್ನು ಪಳಗಿಸಿ ಮಾಡಿಕೊಂಡ ಸಾಕುಪ್ರಾಣಿ. ಬೆಳೆದದ್ದು 50ರಿಂದ 80 ಕಿಲೊ ತೂಗುತ್ತೆ. ಗಬ್ಬ ಹನ್ನೊಂದು ತಿಂಗಳು ದಾಟುತ್ತೆ, ಹುಟ್ಟೋದು ಒಂದೇ ಮರಿ, ಅವಳಿ ತೀರಾ ಅಪರೂಪ. ನಮ್ಮ ಕುರಿಗೆ ಹಾಕುವ ‘ಎರಡು ವರ್ಷಕ್ಕೆ ಮೂರು ಸೂಲು’ ಲೆಕ್ಕ ಇಲ್ಲಿ ನಡೆಯೋಲ್ಲ. ಉಣ್ಣೆ ಕತ್ತರಿಸೋದು ವರ್ಷಕ್ಕೆ ಒಂದೇ ಸಲ, ಸಿಗೋದು ಒಂದಕ್ಕೆ ಎರಡರಿಂದ ನಾಲ್ಕು ಕಿಲೊ.

ಯಾರ್ಕ್‌ಶೈರ್‌ಗೂ ಇದಕ್ಕೂ ಹಳೇ ನಂಟಿದೆ. 1836ರಲ್ಲಿ ಬ್ರಾಡ್‌ಫರ್ಡಿನ ಟೈಟಸ್ ಸಾಲ್ಟ್ ಎಂಬ ಗಿರಣಿ ಮಾಲೀಕ ಲಿವರ್‌ಪೂಲ್ ಬಂದರಿನ ಗೋದಾಮಿನಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಅಲ್ಪಾಕಾ ಉಣ್ಣೆಯ ಮೂಟೆಗಳನ್ನು ಕೊಂಡ, ಅದನ್ನು ನೂಲುವ ಬಗೆ ಕಂಡುಕೊಂಡ. 1853ರಲ್ಲಿ ಅವನು ತೆರೆದ ದೊಡ್ಡ ಗಿರಣಿ, ಅದರ ಸುತ್ತ ಕಟ್ಟಿದ ಸಾಲ್ಟೇರ್ ಊರು ಇವತ್ತು ವಿಶ್ವ ಪಾರಂಪರಿಕ ತಾಣ. ಅವನು ದುಡ್ಡು ಮಾಡಿದ್ದು ಬಟ್ಟೆ ಮಾರಿ, ಪ್ರಾಣಿ ಮಾರಿ ಅಲ್ಲ. ಈ ಮಾತು ಮುಂದೆ ಬೇಕಾಗುತ್ತೆ, ಅದಕ್ಕೇ ಹೇಳಿದೆ.

ಹೇನು ನೋಡುವ ಹಾಗೆ

ಪ್ರದರ್ಶನ ನಡೆದದ್ದು ಬೇರೆ ದಿನಗಳಲ್ಲಿ ದನ-ಕುರಿ ಹರಾಜು ನಡೆಯುವ ದೊಡ್ಡ ಶೆಡ್ಡಿನಲ್ಲಿ. ನಮ್ಮ ಕುರಿ ಸಂತೆ ನೋಡಿದವರಿಗೆ ಅಲ್ಲಿ ಮೊದಲು ವಿಚಿತ್ರ ಅನ್ನಿಸೋದು ಗಲಾಟೆ ಇಲ್ಲದಿರೋದು. ಅಷ್ಟೊಂದು ಪ್ರಾಣಿ, ಒಂದೂ ಅರಚೋಲ್ಲ. ಬಾಯಿ ಮುಚ್ಚಿಕೊಂಡೇ ‘ಮ್‌ಮ್‌ಮ್’ ಅಂತ ಗುನುಗುತ್ತವೆ. ಕೋಪ ಬಂದರೆ ಉಗಿಯುತ್ತವೆ, ಹಸಿರು ಉಗುಳು. ಅದು ಬಹುಪಾಲು ಅವುಗಳ ಒಳಜಗಳ, ನಮಗೆ ತಗಲೋದು ಅಡ್ಡ ಬಂದರೆ ಮಾತ್ರ. ಹಿಕ್ಕೆಯನ್ನು ಎಲ್ಲವೂ ಒಂದೇ ಮೂಲೆಯಲ್ಲಿ ಹಾಕುತ್ತವೆ. ಗೊಬ್ಬರ ಬಳಿಯುವ ಕೆಲಸ ಬಲ್ಲವರಿಗೆ ಇದರ ಸುಖ ಗೊತ್ತಾಗುತ್ತೆ.

ತಳಿಯಲ್ಲಿ ಎರಡು ಬಗೆ. ವಕಾಯಾ ಅನ್ನೋದರ ಉಣ್ಣೆ ಸ್ಪಂಜಿನ ಹಾಗೆ ಉಬ್ಬಿಕೊಂಡು ನಿಲ್ಲುತ್ತೆ, ಹೆಚ್ಚಿನವು ಇವೇ. ಸೂರಿ ಅನ್ನೋದರದ್ದು ಎಳೆ ಎಳೆಯಾಗಿ ಹುರಿಗೊಂಡು ಜಡೆಯ ಹಾಗೆ ಇಳಿಬೀಳುತ್ತೆ, ರೇಷ್ಮೆಯ ಮಿರುಗು.

ಬಣ್ಣ, ವಯಸ್ಸು, ಗಂಡು-ಹೆಣ್ಣು ಅಂತ ಬೇರೆ ಬೇರೆ ಗುಂಪು ಮಾಡಿ ಕಣಕ್ಕೆ ಬಿಡ್ತಾರೆ. ತೀರ್ಪುಗಾರ್ತಿ ಒಂದೊಂದರ ಹತ್ತಿರ ಹೋಗಿ ಹೆಗಲು, ಪಕ್ಕೆ, ತೊಡೆ ಮೂರು ಕಡೆ ಉಣ್ಣೆಯನ್ನು ಎರಡೂ ಕೈಯಿಂದ ಬಿಡಿಸಿ, ಅಜ್ಜಿ ಮೊಮ್ಮಗಳ ತಲೆಯಲ್ಲಿ ಹೇನು ನೋಡುವ ಹಾಗೆ ಬುಡದ ತನಕ ನೋಡಿದರು. ಹಲ್ಲು ನೋಡಿದರು, ಬೆನ್ನು ಸವರಿದರು, ನಡೆಸಿ ಕಾಲು ನೋಡಿದರು. ಒಟ್ಟು ಅಂಕದಲ್ಲಿ ಅರ್ಧ ಉಣ್ಣೆಗೆ, ಅರ್ಧ ಮೈಕಟ್ಟಿಗೆ.

ನಮ್ಮ ಜಾತ್ರೆಯಲ್ಲಿ ಹೋರಿಗೆ ಕೊಂಬು ಹೆರೆದು ಬಣ್ಣ ಹಚ್ಚಿ ನಿಲ್ಲಿಸ್ತೀವಲ್ಲ, ಇಲ್ಲಿ ಅದು ನಡೆಯೋಲ್ಲ. ಬಾಚಿದರೆ ಉಣ್ಣೆಯ ಸಹಜ ಅಲೆ ಕೆಡುತ್ತೆ ಅಂತ ಬಾಚೋದೇ ಇಲ್ಲ. ಬಹುಮಾನ ಗೆದ್ದ ಒಂದು ಕಪ್ಪು ಗಂಡಿನ ಬೆನ್ನ ಮೇಲೆ ಒಣಹುಲ್ಲಿನ ಚೂರು ಹಾಗೇ ಇತ್ತು.

ನನಗೆ ಅತಿ ಹಿಡಿಸಿದ್ದು ಆಮೇಲೆ ನಡೆದದ್ದು. ತೀರ್ಪುಗಾರ್ತಿ ಮೈಕ್ ಹಿಡಿದು, ಮೊದಲನೆಯದು ಯಾಕೆ ಎರಡನೆಯದಕ್ಕಿಂತ ಮೇಲು, ಎರಡನೆಯದು ಯಾಕೆ ಮೂರನೆಯದಕ್ಕಿಂತ ಮೇಲು ಅಂತ ಎಲ್ಲರೆದುರು ಕಾರಣ ಹೇಳಿದರು. ‘ಇದರ ಹೆಗಲಿನ ನಯ ತೊಡೆಯ ತನಕವೂ ಉಳಿದಿದೆ. ಅದರದ್ದು ಹೆಗಲಲ್ಲಿ ಇನ್ನೂ ನಯ, ಆದರೆ ಹಿಂದಕ್ಕೆ ಹೋಗ್ತಾ ಒರಟಾಗುತ್ತೆ.’ ಸೋತವರು ತಲೆಯಾಡಿಸಿ ಬರ್ಕೊಂಡರು. ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ದರ ಕುದುರಿಸೋದನ್ನು ನೋಡಿ ಬೆಳೆದವಳು ನಾನು. ದರ ಯಾಕೆ ಬಂತು, ಯಾಕೆ ಬರಲಿಲ್ಲ ಅಂತ ನಮ್ಮಪ್ಪನಿಗೆ ಒಬ್ಬರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ.

ಇನ್ನೊಂದು ಮೂಲೆಯಲ್ಲಿ ಕತ್ತರಿಸಿದ ಉಣ್ಣೆಗೇ ಬೇರೆ ಸ್ಪರ್ಧೆ. ಪಾರದರ್ಶಕ ಚೀಲದಲ್ಲಿ ಒಂದೊಂದು ಪ್ರಾಣಿಯ ಉಣ್ಣೆ. ಮೇಲೆ ನಂಬರ್ ಮಾತ್ರ, ಒಡೆಯರ ಹೆಸರಿಲ್ಲ. ನಯ, ಏಕರೂಪ, ಅಲೆ, ಹೊಳಪು, ತೂಕ ಎಲ್ಲಕ್ಕೂ ಸೇರಿ 100 ಅಂಕ. ತೂಕವನ್ನೂ ಸುಮ್ಮನೆ ತೂಗೋಲ್ಲ. ಎಷ್ಟು ದಿನ ಬೆಳೆದ ಉಣ್ಣೆ ಅಂತ ನೋಡಿ ಒಂದು ವರ್ಷದ ಲೆಕ್ಕಕ್ಕೆ ಇಳಿಸ್ತಾರೆ.

ಮೈಕ್ರಾನ್ ಅಂದರೆ ಚುಚ್ಚೋ ಲೆಕ್ಕ

ಅಲ್ಲಿ ಪ್ರತಿ ಮಾತಿಗೂ ಕೇಳಿಬಂದ ಪದ ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ. ಉಣ್ಣೆಯ ಎಳೆ ಎಷ್ಟು ದಪ್ಪ ಅಂತ ಅಳೆಯೋದು ಇದರಲ್ಲಿ. ನಮ್ಮ ತಲೆಗೂದಲು ಸುಮಾರು 70. ಒಳ್ಳೆ ಮೆರಿನೊ ಕುರಿಯ ಉಣ್ಣೆ 20ರ ಆಸುಪಾಸು. ಒಳ್ಳೆ ಅಲ್ಪಾಕಾ ಕೂಡ ಅಷ್ಟೇ. ವಯಸ್ಸಾದ ಹಾಗೆ ದಪ್ಪವಾಗುತ್ತಾ 30ರ ತನಕ ಹೋಗುತ್ತೆ. ಅಂಗಡಿಯಲ್ಲಿ ‘ಬೇಬಿ ಅಲ್ಪಾಕಾ’ ಅಂತ ಬರೆದಿರ್ತಾರಲ್ಲ, ಅದು ಮರಿಯ ಉಣ್ಣೆ ಅಂತಲ್ಲ, ನಯದ ಒಂದು ದರ್ಜೆಯ ಹೆಸರು. ಮುದಿ ಪ್ರಾಣಿಯ ಉಣ್ಣೆ ನಯವಾಗಿದ್ದರೆ ಅದೂ ‘ಬೇಬಿ’ಯೇ.

ಇದು ಹೆಣೆಯುವವರಿಗೆ ಯಾಕೆ ಮುಖ್ಯ? ಎಳೆ 30 ಮೈಕ್ರಾನ್ ದಾಟಿದರೆ ಅದರ ತುದಿ ಬಾಗೋಲ್ಲ, ಚರ್ಮ ಚುಚ್ಚುತ್ತೆ. ಅದಕ್ಕೇ ನಾವು ಉಣ್ಣೆ ಕೊಳ್ಳುವಾಗ ಅಂಗೈಯಲ್ಲಿ ಮುಟ್ಟಿ ನಂಬೋಲ್ಲ. ದುಡಿದ ಕೈ ಒರಟಾಗಿರುತ್ತೆ, ಸುಳ್ಳು ಹೇಳುತ್ತೆ. ಕತ್ತಿನ ಪಕ್ಕಕ್ಕೆ ಒತ್ತಿ ಹಿಡಿದು ಅರ್ಧ ನಿಮಿಷ ಕಾಯ್ತೀವಿ. ಆರು ಹೆಂಗಸರು ಸಾಲಾಗಿ ಕತ್ತಿಗೆ ಉಣ್ಣೆ ಒತ್ತಿಕೊಂಡು ಸುಮ್ಮನೆ ನಿಂತಿದ್ದನ್ನು ನೋಡಿ ಒಬ್ಬ ಹುಡುಗ ಫೋಟೊ ಹೊಡ್ಕೊಂಡ.

ಪ್ರಯೋಗಾಲಯದ ವರದಿಯೂ ಚೀಲದ ಜೊತೆಗೇ ಇತ್ತು. ಸರಾಸರಿ ಎಷ್ಟು ಮೈಕ್ರಾನ್, ಎಳೆಯಿಂದ ಎಳೆಗೆ ವ್ಯತ್ಯಾಸ ಎಷ್ಟು, 30ಕ್ಕಿಂತ ದಪ್ಪನೆಯವು ಶೇಕಡಾ ಎಷ್ಟು. ಸರಾಸರಿ ಒಂದನ್ನೇ ನೋಡಬೇಡಿ. ನೂರರಲ್ಲಿ ಹತ್ತು ಎಳೆ ಒರಟಾಗಿದ್ದರೂ ಸಾಕು, ಇಡೀ ಸ್ವೆಟರ್ ಕೆರೆಯುತ್ತೆ.

ಅಲ್ಪಾಕಾ ಉಣ್ಣೆಗೆ ದೋಷವೂ ಇದೆ, ಮಾರುವವರು ಬೇಗ ಹೇಳೋಲ್ಲ. ಬೆಚ್ಚಗೇನೋ ಇರುತ್ತೆ, ಜಿಡ್ಡು ಕಡಿಮೆ, ತೊಳೆಯೋದು ಸುಲಭ. ಆದರೆ ಕುರಿ ಉಣ್ಣೆಯಂಥ ಪುಟಿತ ಇಲ್ಲ. ಸ್ವೆಟರ್ ಹೆಣೆದರೆ ತನ್ನ ಭಾರಕ್ಕೆ ತಾನೇ ಜೋತು, ವರ್ಷ ಕಳೆಯೋದರೊಳಗೆ ಮೊಣಕಾಲು ಮುಟ್ಟೋಕೆ ನೋಡುತ್ತೆ. ಶಾಲಿಗೆ ಚೆನ್ನ. ಕೈಪಟ್ಟಿ, ಕಾಲುಚೀಲಕ್ಕೆ ಕುರಿ ಉಣ್ಣೆ ಬೆರೆಸಲೇಬೇಕು.

ಲೆಕ್ಕಕ್ಕೆ ಬರೋಣ

ಮಳಿಗೆಗಳಲ್ಲಿ 100 ಗ್ರಾಂ ನೂಲಿನ ಲಡಿಗೆ 18 ಪೌಂಡ್. ಪ್ರತಿ ಲಡಿಗೂ ಒಂದು ಚೀಟಿ: ಯಾವ ಪ್ರಾಣಿ, ಅದರ ಹೆಸರು, ಯಾವ ತಿಂಗಳು ಕತ್ತರಿಸಿದ್ದು, ಎಷ್ಟು ಮೈಕ್ರಾನ್, ಬಣ್ಣ ಹಾಕಿದ್ದೋ ಸಹಜವೋ. ನಾನು ಕೊಂಡದ್ದು ಬಣ್ಣ ಹಾಕದ ಕಾಫಿ ಬೀಜದ ಕಂದು, ಎರಡು ಲಡಿ.

ಮಾರುತ್ತಿದ್ದ ಮಹಿಳೆ ಹದಿನೆಂಟು ಅಲ್ಪಾಕಾ ಸಾಕಿದ್ದಾರೆ. ಗಿರಾಕಿ ಕಡಿಮೆಯಾದಾಗ ಪಕ್ಕದಲ್ಲಿ ಕೂತು ನೇರವಾಗಿ ಲೆಕ್ಕ ಕೇಳಿದೆ. ಒಂದು ಪ್ರಾಣಿಗೆ ಮೂರು ಕಿಲೊ ಅಂತಿಟ್ಟುಕೊಳ್ಳಿ. ನೂಲಿಗೆ ಲಾಯಕ್ಕಾದ ಬೆನ್ನು-ಪಕ್ಕೆಯ ಭಾಗ ಅದರಲ್ಲಿ ಅರ್ಧ. ತೊಳೆದು ನೂತು ಕೈಗೆ ಬರೋದು 1.2 ಕಿಲೊ, ಅಂದರೆ 12 ಲಡಿ, 216 ಪೌಂಡ್. ಕೇಳೋಕೆ ಚೆನ್ನಾಗಿದೆ. ಆದರೆ ಇದು ಇಡೀ ವರ್ಷದ್ದು. ಇದರಲ್ಲಿ ಅರ್ಧದ ಹತ್ತಿರ ನೂಲಿನ ಗಿರಣಿಗೇ ಹೋಗುತ್ತೆ. ಉಳಿದದ್ದರಲ್ಲಿ ಕತ್ತರಿಸುವವರ ಕೂಲಿ, ಮೇವು, ವೈದ್ಯರು, ಲಸಿಕೆ, ಮಳಿಗೆ ಬಾಡಿಗೆ, ಪೆಟ್ರೋಲು.

‘ಹಾಗಾದರೆ ನಡೆಯೋದು ಹೇಗೆ?’ ಅಂದೆ.

‘ವಾಕಿಂಗಿನಿಂದ’ ಅಂದರು ನಗ್ತಾ. ಶನಿವಾರ-ಭಾನುವಾರ ಪೇಟೆಯವರು ಬಂದು, ತಲೆಗೆ 20 ಪೌಂಡ್ ಕೊಟ್ಟು, ಅಲ್ಪಾಕಾದ ಹಗ್ಗ ಹಿಡ್ಕೊಂಡು ಒಂದು ಗಂಟೆ ಗುಡ್ಡದಲ್ಲಿ ಸುತ್ತಾಡ್ತಾರೆ. ಮೇವಿನ ಖರ್ಚು ಹೊರೋದು ಅದೇ. ಮಕ್ಕಳ ಹುಟ್ಟುಹಬ್ಬಕ್ಕೂ ಬಾಡಿಗೆಗೆ ಕೇಳ್ತಾರಂತೆ.

ಅಂದರೆ ಮೂರು ವ್ಯಾಪಾರ ಇದೆ: ಉಣ್ಣೆ, ಪ್ರವಾಸ, ಮರಿ ಮಾರೋದು. ವಿಡಿಯೊಗಳಲ್ಲಿ ಕಾಣೋ ಲಕ್ಷಗಳು ಮೂರನೆಯದರ ಲೆಕ್ಕ. ಅದರ ಕತೆ ಅಮೆರಿಕದಲ್ಲಿ ಒಂದು ಸಲ ಪೂರ್ತಿ ನಡೆದುಹೋಗಿದೆ.

ಅಲ್ಲಿಗೆ ಅಲ್ಪಾಕಾ ಬಂದದ್ದು 1984ರಲ್ಲಿ. 1998ರಲ್ಲಿ ತಳಿ ನೋಂದಣಿಯನ್ನು ಹೊರಗಿನಿಂದ ಬರೋ ಪ್ರಾಣಿಗೆ ಮುಚ್ಚಿದರು. ಇದ್ದವಕ್ಕೆ ಬೆಲೆ ಏರಿತು. ಒಂದೊಂದು ಹೆಣ್ಣು ಹತ್ತಾರು ಸಾವಿರ ಡಾಲರ್‌ಗೆ ಹೋಯ್ತು. ಕೊಂಡವರು ಮರಿ ಮಾಡಿ ಮುಂದಿನವರಿಗೆ ಮಾರಿದರು, ಅವರು ಅದರ ಮುಂದಿನವರಿಗೆ. ಉಣ್ಣೆ ಏನಾಯ್ತು ಅಂತ ಯಾರೂ ಕೇಳಲಿಲ್ಲ. 2007ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಅರ್ಥಶಾಸ್ತ್ರಜ್ಞರಾದ ಟೀನಾ ಸೈಟೋನ್ ಮತ್ತು ರಿಚರ್ಡ್ ಸೆಕ್ಸ್‌ಟನ್ ಲೆಕ್ಕ ಹಾಕಿ, ಈ ಬೆಲೆಯನ್ನು ಉಣ್ಣೆಯ ಆದಾಯದಿಂದ ಸಮರ್ಥಿಸೋಕೆ ಆಗೋಲ್ಲ, ಇದು ಊದಿದ ಗುಳ್ಳೆ ಅಂತ ಬರೆದರು. 2008ರ ಆರ್ಥಿಕ ಕುಸಿತದ ನಂತರ ಗುಳ್ಳೆ ಒಡೀತು. ಸಾಕಲಾರದವರು ಸುಮ್ಮನೆ ಕೊಡ್ತೀವಿ, ಒಯ್ದುಕೊಳ್ಳಿ ಅನ್ನುವ ಸ್ಥಿತಿಗೆ ಬಂದರು.

ನಮಗೂ ಇದು ಹೊಸದೇನಲ್ಲ. ಎಮು ನೆನಪಿದೆಯಾ? ನೀವು ಆಗ ಶಾಲೆಯಲ್ಲಿದ್ದಿರಬಹುದು, ಮನೆಯ ಹಿರಿಯರನ್ನು ಕೇಳಿ. ಮರಿ ಕೊಡ್ತೀವಿ, ಮೇವು ಕೊಡ್ತೀವಿ, ತಿಂಗಳಿಗೆ ಇಷ್ಟು ದುಡ್ಡು ಅಂತ ಶುರುವಾಗಿ, 2012ರಲ್ಲಿ ತಮಿಳುನಾಡಿನ ಈರೋಡ್ ಕಡೆ ದೊಡ್ಡದಾಗಿ ಕುಸಿದು ಸಾವಿರಾರು ಜನರ ಠೇವಣಿ ಮುಳುಗಿತು. ಎಮು ಮಾಂಸ ತಿನ್ನೋರು ಯಾರು, ಎಣ್ಣೆ ಕೊಳ್ಳೋರು ಯಾರು ಅಂತ ಮೊದಲೇ ಕೇಳಿದ್ದವರು ಉಳಿದುಕೊಂಡರು.

ಅಲ್ಪಾಕಾ ಇನ್ನೂ ಕಷ್ಟ. ಅದರ ತವರು ಆಂಡಿಸಿನಲ್ಲಿ 3,500 ಮೀಟರಿಗಿಂತ ಎತ್ತರದ, ರಾತ್ರಿ ಹೆಪ್ಪುಗಟ್ಟುವ ಬಯಲು. ಚಳ್ಳಕೆರೆಯ ಏಪ್ರಿಲ್ ಬಿಸಿಲಿಗೆ, ಆ ಉಣ್ಣೆ ಹೊದ್ದು, ಅದು ಬಿಸಿಲ ಹೊಡೆತಕ್ಕೆ ಬೀಳುತ್ತೆ. ಹೊರದೇಶದಿಂದ ಜೀವಂತ ಪ್ರಾಣಿ ತರಬೇಕಾದರೆ ಕೇಂದ್ರ ಸರ್ಕಾರದ ಪರವಾನಗಿ, ಆರೋಗ್ಯ ಪತ್ರ, ಪ್ರತ್ಯೇಕ ಇಡುವ ಅವಧಿ ಎಲ್ಲ ಇದೆ. ಇರೋದಕ್ಕೆ ಕಾರಣವೂ ಇದೆ. 2017ರಲ್ಲಿ ನ್ಯೂಜಿಲೆಂಡಿನಿಂದ ಇಂಗ್ಲೆಂಡಿಗೆ ಬಂದ ಜೆರೊನಿಮೊ ಎಂಬ ಗಂಡು ಅಲ್ಪಾಕಾ ದನಗಳ ಕ್ಷಯದ ಪರೀಕ್ಷೆಯಲ್ಲಿ ಎರಡು ಸಲ ಸೋಂಕಿತ ಅಂತ ಬಂತು. ಒಡತಿ ನಾಲ್ಕು ವರ್ಷ ಕೋರ್ಟಿನಲ್ಲಿ ಹೋರಾಡಿದರು. 2021ರ ಆಗಸ್ಟ್ 31ರಂದು ಸರ್ಕಾರ ಅದನ್ನು ಕೊಲ್ಲಿಸಿತು. ಆದ್ದರಿಂದ ಯಾರಾದರೂ ‘ಜೋಡಿಗೆ ಮುಂಗಡ ಕೊಡಿ, ಮನೆ ಬಾಗಿಲಿಗೆ ತಂದು ಬಿಡ್ತೀವಿ’ ಅಂದರೆ ಆಮದು ಪರವಾನಗಿಯ ಪ್ರತಿ ಕೇಳಿ. ಮಾತು ಅಲ್ಲಿಗೇ ಮುಗಿಯುತ್ತೆ.

ಹಾಗಂತ ಪೆರುವಿನಲ್ಲಿ ಸಾಕುವವರು ಶ್ರೀಮಂತರಾ ಅಂದರೆ ಅದೂ ಇಲ್ಲ. ಜಗತ್ತಿನ ಐದು ಅಲ್ಪಾಕಾಗಳಲ್ಲಿ ನಾಲ್ಕು ಇರೋದು ಆ ಒಂದೇ ದೇಶದಲ್ಲಿ. ಹೆಚ್ಚಿನ ಸಾಕಣೆಗಾರರು ಎತ್ತರದ ಬಯಲಿನ ಬಡವರು. ಮನೆ ಬಾಗಿಲಿಗೆ ಬರುವ ಮಧ್ಯವರ್ತಿಗೆ ನಯ-ಒರಟು ಎಲ್ಲ ಸೇರಿಸಿ ತೂಕದ ಮೇಲೆ ಕೊಟ್ಟುಬಿಡ್ತಾರೆ. ಅದು ಅರೆಕಿಪಾ ನಗರ ಸೇರಿದ ಮೇಲೆ ಅಲ್ಲಿನ ನುರಿತ ಹೆಂಗಸರು ಬರೀ ಕೈಯಿಂದ ಮುಟ್ಟಿ ದರ್ಜೆ ದರ್ಜೆಯಾಗಿ ಬೇರೆ ಮಾಡ್ತಾರೆ. ಬೆಲೆ ಹುಟ್ಟೋದು ಆ ಹೆಂಗಸರ ಬೆರಳಿನ ತುದಿಯಲ್ಲಿ, ಗುಡ್ಡದ ಮೇಲಿನವನಿಗೆ ಅದರ ಪಾಲಿಲ್ಲ.

ನಮ್ಮ ಕರಿ ಉಣ್ಣೆ

ಈ ಬೇರೆ ಮಾಡೋ ಕೆಲಸ ನಮ್ಮಜ್ಜಿಗೂ ಗೊತ್ತಿತ್ತು. ಮರಿಯ ಮೊದಲ ಕತ್ತರಿಯ ಉಣ್ಣೆಯನ್ನು ಅವಳು ಯಾರ ಕೈಗೂ ಕೊಡ್ತಿರಲಿಲ್ಲ. ಅಚ್ಚ ಕಪ್ಪು ಒಂದು ಗಂಟು, ಬೂದು ಇನ್ನೊಂದು ಗಂಟು. ಹಾಸಿಗೆ ಹುಣಸೆ ಬೀಜದ ಸರಿ ಹಚ್ಚಿ ನೇಯ್ದ ಆ ಮರಿಯುಣ್ಣೆ ಕಂಬಳಿ ಮದುವೆ ಗದ್ದುಗೆಗೆ. ಉಳಿದದ್ದು ಮಳೆಗೆ ಕೊಪ್ಪೆ ಹಾಕೋಕೆ. ಈಗ ನಮ್ಮ ಮನೆಯಲ್ಲೇ ಕತ್ತರಿಸುವ ಕೂಲಿ ಉಣ್ಣೆಯ ಬೆಲೆಗಿಂತ ಹೆಚ್ಚು ಅಂತ ಎಲ್ಲವನ್ನೂ ಒಂದೇ ಗೊಬ್ಬರದ ಚೀಲಕ್ಕೆ ತುರುಕಿ ಇಡ್ತಾರೆ. ಕೆಲವು ಸಲ ಬೇಲಿ ಬದಿಗೆ ಎಸೀತಾರೆ. ಇಂಗ್ಲೆಂಡಿನ ಕುರಿಗಾರರದ್ದೂ ಇದೇ ಗೋಳು: ಕತ್ತರಿ ಕೂಲಿ ಹೆಚ್ಚು, ಉಣ್ಣೆಗೆ ಸಿಗೋದು ಕಡಿಮೆ.

ಆಸೆ ಹುಟ್ಟಿಸೋಕೆ ಹೇಳ್ತಿಲ್ಲ. ಡೆಕ್ಕನಿ ಕುರಿಯ ಉಣ್ಣೆ ಒರಟು, 30 ಮೈಕ್ರಾನಿಗಿಂತ ಎಷ್ಟೋ ಮೇಲೆ. ಮೈಗೆ ತಾಗೋ ಸ್ವೆಟರ್ ಅದರಿಂದ ಆಗೋಲ್ಲ, 18 ಪೌಂಡ್ ಯಾರೂ ಕೊಡೋಲ್ಲ. ಆದರೆ ನೆಲಹಾಸು, ಚೀಲ, ಒತ್ತುಣ್ಣೆಯ ಚಾಪೆ, ಕುರ್ಚಿ ದಿಂಬು ಇವಕ್ಕೆ ಒರಟು ಉಣ್ಣೆಯೇ ಬೇಕು, ನಯದ್ದು ಸವೆದುಹೋಗುತ್ತೆ. ಅಚ್ಚ ಕಪ್ಪು, ಅದೂ ಬಣ್ಣ ಹಾಕದ ಕಪ್ಪು, ಎಲ್ಲ ಕಡೆಯೂ ಸಿಗೋದಿಲ್ಲ. ನಮ್ಮ ಗುಂಪಿನವರಿಗೆ ನಾನು ಊರಿನ ಕಂಬಳಿ ತೋರಿಸಿದಾಗ ಅವರು ಕತ್ತಿಗೆ ಒತ್ತಲಿಲ್ಲ, ಕಾಲ ಕೆಳಗೆ ಹಾಸಿ ನೋಡಿದರು. ಕೇಳಿದ ಮೊದಲ ಪ್ರಶ್ನೆ: ‘ಇದು ಯಾವ ಕುರಿ, ಯಾರು ನೇಯ್ದದ್ದು?’ ಚೀಟಿ ಇರಲಿಲ್ಲ. ನಾನೇ ಬಾಯಲ್ಲಿ ಹೇಳಿದೆ.

ನಿಜವಾಗಿ ನಯದ ಉಣ್ಣೆಯಲ್ಲೇ ಆಸಕ್ತಿ ಇರುವವರು ಪೆರುವಿನ ಕನಸು ಬಿಟ್ಟು ಕೊಡೈಕೆನಾಲ್ ಬೆಟ್ಟದ ಮನ್ನವನೂರಿಗೆ ಹೋಗಿ ಬನ್ನಿ. ರಾಜಸ್ಥಾನದ ಅವಿಕಾನಗರದಲ್ಲಿ 1962ರಲ್ಲಿ ಶುರುವಾದ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣದ ಕೇಂದ್ರ ಅಲ್ಲಿದೆ. ನಯ ಉಣ್ಣೆಯ ಭಾರತ್ ಮೆರಿನೊ ಕುರಿ ಸಾಕಿದ್ದಾರೆ. ಅದೂ ತಂಪು ಬೆಟ್ಟದ ಕುರಿಯೇ, ನಮ್ಮ ಬಯಲಿಗೆ ಅಂತ ತಿಳ್ಕೊಬೇಡಿ.

ಮುಂದಿನ ಕತ್ತರಿಗೆ ಒಂದು ಕೆಲಸ ಮಾಡಿ ನೋಡಿ. ಖರ್ಚು ಏನಿಲ್ಲ. ಒದ್ದೆ ಕುರಿ ಕತ್ತರಿಸಬೇಡಿ. ನೆಲಕ್ಕೆ ಟಾರ್ಪಾಲು ಹಾಸಿ, ಒಂದು ಕುರಿ ಮುಗಿದ ಮೇಲೆ ಗುಡಿಸಿ. ಮರಿಯದ್ದು ಬೇರೆ, ಅಚ್ಚ ಕಪ್ಪು ಬೇರೆ, ಬಿಳಿ-ಬೂದು ಬೆರೆತದ್ದು ಬೇರೆ. ಹೊಟ್ಟೆಯದ್ದು, ಹಿಕ್ಕೆ ಅಂಟಿದ್ದು ಇನ್ನೊಂದು ಕಡೆ. ಪ್ಲಾಸ್ಟಿಕ್ ಗೊಬ್ಬರದ ಚೀಲ ಬೇಡ, ಅದರ ಎಳೆ ಉಣ್ಣೆಗೆ ಸೇರಿದರೆ ಆರಿಸೋಕೆ ಆಗೋಲ್ಲ. ಹಳೇ ಹತ್ತಿ ಸೀರೆಯಲ್ಲಿ ಗಂಟು ಕಟ್ಟಿ. ಪ್ರತಿ ಗಂಟಿಗೂ ಚೀಟಿ: ತಳಿ, ಕುರಿಯ ವಯಸ್ಸು, ಕತ್ತರಿಸಿದ ದಿನ, ಎಷ್ಟು ತಿಂಗಳ ಉಣ್ಣೆ, ತೂಕ, ಊರು. ಫೋನ್ ಇದೆಯಲ್ಲ, ಒಂದು ಎಳೆಗುಚ್ಛವನ್ನು ಸ್ಕೇಲಿನ ಪಕ್ಕ ಇಟ್ಟು ಹಗಲು ಬೆಳಕಿನಲ್ಲಿ ಫೋಟೊ ತೆಗೀರಿ, ಫಿಲ್ಟರ್ ಹಾಕಬೇಡಿ. ಕೊಳ್ಳುವವರು, ನೇಯುವವರು, ಒತ್ತುಣ್ಣೆ ಮಾಡುವವರು ಮೊದಲು ಕೇಳೋದು ಇದನ್ನೇ.

ಹಿಕ್ಕೆ ಅಂಟಿದ ಆ ಕೊನೇ ಗಂಟನ್ನೂ ಎಸೀಬೇಡಿ. ಉಣ್ಣೆಯಲ್ಲಿ ಶೇಕಡಾ ಒಂಬತ್ತು-ಹತ್ತು ಸಾರಜನಕ ಇರುತ್ತೆ, ನೀರು ಹಿಡಿದಿಡುತ್ತೆ, ನಿಧಾನವಾಗಿ ಕರಗುತ್ತೆ. ಇಲ್ಲಿ ಅದನ್ನೇ ಗುಳಿಗೆ ಮಾಡಿ ತೋಟದವರಿಗೆ ಮಾರ್ತಾರೆ, ಪ್ರದರ್ಶನದಲ್ಲೂ ಒಂದು ಮಳಿಗೆ ಇತ್ತು. ನೀವು ತೆಂಗಿನ ಸಸಿಯ ಪಾತಿಗೋ ದಾಳಿಂಬೆ ಬುಡಕ್ಕೋ ಎರಡು ಹಿಡಿ ಹರಡಿ ಮೇಲೆ ಮಣ್ಣು ಎಳೀರಿ. ಉಣ್ಣೆಗೆ ಔಷಧಿ ಸ್ನಾನ ಆಗಿ ಬಹಳ ದಿನ ಆಗಿರಬೇಕು, ಅಷ್ಟು ನೋಡಿಕೊಳ್ಳಿ.